ಸಿಜರ್ ಲಿಫ್ಟ್: ಮೇಲಿನ ಅಪಾಯ, ಕೆಳಗಿನ ತೀರ್ಮಾನ

ಗೋದಾಮೊಂದರ ಸೂರಿನಡಿ ಸ್ಪ್ರಿಂಕ್ಲರ್ ಪೈಪು ಕಟ್ಟುವ ಕೆಲಸ ನಡೆದಿದೆ ಎಂದಿಟ್ಟುಕೊಳ್ಳಿ. ಆರಂಗುಲದ ಜಿಐ ಪೈಪು, ಆರು ಮೀಟರ್ ಉದ್ದದ್ದು, ಹೆಚ್ಚುಕಡಿಮೆ 115 ಕಿಲೋ ತೂಗುತ್ತದೆ. ಅದನ್ನು ಎತ್ತಿ ಕಟ್ಟಲು ಇಬ್ಬರು ಬೇಕು. ತಲಾ ಎಪ್ಪತ್ತು ಕಿಲೋ ಎಂದರೂ 140. ಡ್ರಿಲ್ಲಿಂಗ್ ಮಷೀನು, ಸ್ಪ್ಯಾನರು, ಕ್ಲಾಂಪು, ಬೋಲ್ಟಿನ ಡಬ್ಬಿ ಸೇರಿ ಇನ್ನೊಂದು ಇಪ್ಪತ್ತು. ಒಟ್ಟು 275 ಕಿಲೋ. ಅವರು ಹತ್ತಿ ನಿಂತ ಸಣ್ಣ ಯಂತ್ರದ ಮೇಲೆ ಅಂಟಿಸಿದ ಫಲಕದಲ್ಲಿ ಬರೆದಿರುವುದು 227. ಪೈಪನ್ನು ಒಳಗೆ ಮಲಗಿಸಲು ಜಾಗವಿಲ್ಲ. ಕಟಕಟೆಯ ಮೇಲೆ ಅಡ್ಡಲಾಗಿ ಇಡುತ್ತಾರೆ, ಎರಡೂ ತುದಿ ಹೊರಗೆ ಚಾಚಿಕೊಳ್ಳುತ್ತದೆ. ಕೆಳಗಿನಿಂದ ಮೇಸ್ತ್ರಿ ಕೂಗುತ್ತಾನೆ: ‘ಹತ್ತು ನಿಮಿಷದ ಕೆಲಸ, ಮುಗಿಸಿ ಇಳೀರಿ.’

ಆ ಹತ್ತು ನಿಮಿಷದಲ್ಲಿ ಯಂತ್ರ ಮಗುಚಿದರೆ ವರದಿಯಲ್ಲಿ ಕಾರ್ಮಿಕರ ನಿರ್ಲಕ್ಷ್ಯ ಎಂದು ಬರೆಯುವುದು ಸುಲಭ. ಆದರೆ ಯಾವ ಯಂತ್ರ ತರಿಸಬೇಕೆಂದು ಆ ಇಬ್ಬರನ್ನು ಯಾರೂ ಕೇಳಿರಲಿಲ್ಲ. ಪೈಪಿನ ಅಳತೆ ಡ್ರಾಯಿಂಗಿನಲ್ಲಿತ್ತು, ಯಂತ್ರದ ತಾಕತ್ತು ಬಾಡಿಗೆಯ ಕೊಟೇಶನ್ನಿನಲ್ಲಿತ್ತು. ಎರಡನ್ನೂ ಒಟ್ಟಿಗಿಟ್ಟು ಕೂಡಿ ನೋಡಬೇಕಿದ್ದವರು ಆಫೀಸಿನಲ್ಲಿದ್ದರು. ಸಿಜರ್ ಲಿಫ್ಟಿನ ಅಪಘಾತಗಳ ಬಗ್ಗೆ ತಿಳಿದುಬಂದಿರುವುದನ್ನೆಲ್ಲ ಒಟ್ಟು ಮಾಡಿ ನೋಡುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾದದ್ದು ಇದೇ. ಬೀಳುವವನು ಮೇಲಿರುತ್ತಾನೆ, ಅವನನ್ನು ಬೀಳಿಸಿದ ತೀರ್ಮಾನ ನೆಲದ ಮೇಲೆ, ಎಷ್ಟೋ ಸಲ ಕೆಲಸ ಶುರುವಾಗುವ ಮೊದಲೇ, ಆಗಿಹೋಗಿರುತ್ತದೆ.

ಯಂತ್ರ ಸರಳವಾದದ್ದು. ಕತ್ತರಿಯಂತೆ ಒಂದಕ್ಕೊಂದು ಅಡ್ಡಹಾಕಿದ ಉಕ್ಕಿನ ತೋಳುಗಳ ಸಾಲು, ಅದನ್ನು ತಳ್ಳುವ ಹೈಡ್ರಾಲಿಕ್ ಸಿಲಿಂಡರು, ಕೆಳಗೆ ಬ್ಯಾಟರಿ ತುಂಬಿದ ಭಾರದ ತಳ, ಮೇಲೆ ಕಟಕಟೆ ಸುತ್ತಿದ ಪ್ಲಾಟ್‌ಫಾರ್ಮ್. ನೇರ ಮೇಲೇರುತ್ತದೆ, ನೇರ ಕೆಳಗಿಳಿಯುತ್ತದೆ. ಸೈಟುಗಳಲ್ಲಿ ಹೆಚ್ಚು ಕಾಣುವ ‘1930’ ಮಾದರಿಯ ಹೆಸರಿನಲ್ಲೇ ಅದರ ಅಳತೆಯಿದೆ: ಪ್ಲಾಟ್‌ಫಾರ್ಮ್ 19 ಅಡಿ ಏರುತ್ತದೆ, ಯಂತ್ರದ ಅಗಲ ಸುಮಾರು 30 ಅಂಗುಲ. ಬಾಗಿಲಿನಲ್ಲಿ ನುಗ್ಗುವಷ್ಟು ಕಿರಿದಾದ ಇದರ ತೂಕ ಒಂದು ಟನ್ನಿಗೂ ಮೇಲೆ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ನರಸಾಪುರದ ಕಡೆ ಎದ್ದಿರುವ ಶೆಡ್ಡುಗಳಲ್ಲಿ ಡಕ್ಟು, ಕೇಬಲ್ ಟ್ರೇ, ದೀಪ, ಬಣ್ಣದ ಕೆಲಸಕ್ಕೆ ಇದು ಮಾಮೂಲಾಗಿದೆ. ಹಿಂದೆ ಇದೇ ಕೆಲಸಕ್ಕೆ ಸಾರವೆ ಕಟ್ಟುತ್ತಿದ್ದರು, ಇಲ್ಲವೇ ಡ್ರಮ್ಮಿನ ಮೇಲೆ ಏಣಿ ನಿಲ್ಲಿಸುತ್ತಿದ್ದರು. ಅದರ ಮುಂದೆ ಇದು ನಿಜಕ್ಕೂ ದೊಡ್ಡ ಸುಧಾರಣೆ. ಯಂತ್ರವೇ ಬೇಡ ಎನ್ನುವ ವಾದಕ್ಕೆ ನನ್ನಲ್ಲಿ ಜಾಗವಿಲ್ಲ.

ಇದರಿಂದ ಜನ ಹೇಗೆ ಸಾಯುತ್ತಾರೆ ಎಂಬುದು ಗುಟ್ಟೇನಲ್ಲ. ಅಮೆರಿಕದಲ್ಲಿ 1992ರಿಂದ 1999ರವರೆಗಿನ ಕಟ್ಟಡ ಕಾರ್ಮಿಕರ ಸಾವುಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದರಲ್ಲಿ, ಉದ್ದ ತೋಳು ಚಾಚುವ ಬೂಮ್ ಲಿಫ್ಟ್ ಮತ್ತು ಸಿಜರ್ ಲಿಫ್ಟಿನಂಥ ಯಂತ್ರಗಳಿಂದಾದ ಸಾವುಗಳ ಪೈಕಿ ಕಾಲುಭಾಗದ ಹತ್ತಿರ ಸಿಜರ್ ಲಿಫ್ಟಿನವು. ಹೆಚ್ಚಿನವು ಎರಡೇ ಬಗೆ: ಮನುಷ್ಯ ಪ್ಲಾಟ್‌ಫಾರ್ಮಿನಿಂದ ಬಿದ್ದದ್ದು, ಯಂತ್ರವೇ ಕುಸಿದದ್ದು ಅಥವಾ ಉರುಳಿದ್ದು. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ, ಒಂದೇ ವರ್ಷದ ಅವಧಿಯಲ್ಲಿ 10 ಸಾವು ಮತ್ತು 20ಕ್ಕೂ ಹೆಚ್ಚು ಗಾಯದ ಪ್ರಕರಣಗಳನ್ನು ತನಿಖೆ ಮಾಡಿ, ಅವೆಲ್ಲ ತಪ್ಪಿಸಬಹುದಾಗಿದ್ದವು ಎಂದು ಎಚ್ಚರಿಕೆಯ ಪತ್ರ ಹೊರಡಿಸಿತು. ಬೀಳುವುದು, ಉರುಳುವುದು, ತಲೆಯ ಮೇಲಿನ ತೊಲೆಗೆ ಸಿಕ್ಕಿ ಜಜ್ಜಿಹೋಗುವುದು, ಕರೆಂಟು ಹೊಡೆಯುವುದು. ಇಷ್ಟು ಗೊತ್ತಿದ್ದ ಮೇಲೆ ಉಳಿಯುವುದು, ಪ್ರತಿಯೊಂದನ್ನೂ ಯಾರು ಯಾವಾಗ ತಡೆಯಬಹುದಿತ್ತು ಎಂಬ ಪ್ರಶ್ನೆ.

ಗಾಳಿಯ ಪ್ರಕರಣದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಸಿಗುತ್ತದೆ. 2010ರ ಅಕ್ಟೋಬರ್ 27, ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯ. ಫುಟ್‌ಬಾಲ್ ತಂಡದ ಅಭ್ಯಾಸವನ್ನು ಮೇಲಿನಿಂದ ವಿಡಿಯೋ ಮಾಡಲು ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಸಿಜರ್ ಲಿಫ್ಟ್ ಏರಿದ್ದ. ಪ್ಲಾಟ್‌ಫಾರ್ಮ್ ಹನ್ನೆರಡು ಮೀಟರಿನ ಆಸುಪಾಸು ಎತ್ತರದಲ್ಲಿತ್ತು. ಜೋರು ಗಾಳಿಯ ಬಗ್ಗೆ ಹವಾಮಾನ ಇಲಾಖೆ ಮುನ್ನೆಚ್ಚರಿಕೆ ಕೊಟ್ಟಿದ್ದ ದಿನ ಅದು. ಹುಡುಗನೂ ಗಾಳಿಗೆ ಹೆದರಿದ್ದನ್ನು ತನ್ನ ಟ್ವಿಟರ್ ಖಾತೆಯಲ್ಲಿ ಬರೆದುಕೊಂಡಿದ್ದ. ಗಂಟೆಗೆ 80 ಕಿಲೋಮೀಟರ್ ಮೀರಿದ ಬೀಸೊಂದು ಬಂತು, ಯಂತ್ರ ಉರುಳಿತು, ಅವನು ಸತ್ತ. ರಾಜ್ಯದ ಸುರಕ್ಷತಾ ಇಲಾಖೆ ವಿಶ್ವವಿದ್ಯಾಲಯಕ್ಕೆ 77,500 ಡಾಲರ್ ದಂಡ ಹಾಕಿತು. ಮುಂದೆ ಅದು ರಾಜಿಯಲ್ಲಿ ಇಳಿಯಿತು. ವಿಶ್ವವಿದ್ಯಾಲಯ ಅಭ್ಯಾಸದ ಮೈದಾನಕ್ಕೆ ದೂರದಿಂದ ನಿಯಂತ್ರಿಸುವ ಕ್ಯಾಮೆರಾ ಹಾಕಿಸಿತು. ಅಂದರೆ ಆ ಕೆಲಸಕ್ಕೆ ಮನುಷ್ಯ ಮೇಲೇರುವ ಅಗತ್ಯವೇ ಇರಲಿಲ್ಲ.

ಸಾಮಾನ್ಯವಾಗಿ ಹೊರಗೆ ಬಳಸಲು ಅನುಮತಿಯಿರುವ ಸಿಜರ್ ಲಿಫ್ಟಿಗೂ ಗಾಳಿಯ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಮರದ ದೊಡ್ಡ ಕೊಂಬೆಗಳು ಅಲ್ಲಾಡುವ, ಕೊಡೆ ಹಿಡಿದು ನಡೆಯಲು ಒದ್ದಾಡುವ ಗಾಳಿ ಅದು. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ‘ಸ್ವಲ್ಪ ಜಾಸ್ತಿ ಗಾಳಿ’ ಎಂಬ ಅಂದಾಜಿಗೆ ಇಲ್ಲಿ ಬೆಲೆಯಿಲ್ಲ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಗುಡುಗಿಗೆ ಮೊದಲು ಏಳುವ ಬಿರುಗಾಳಿ ಇದೆ, ದಿನಗಟ್ಟಲೆ ಬೀಸುವ ಆಷಾಢದ ಗಾಳಿ ಇದೆ. ಮೊದಲನೆಯದು ಕೆಲವೇ ನಿಮಿಷದಲ್ಲಿ ಬಂದೆರಗುತ್ತದೆ. ಪ್ಲಾಟ್‌ಫಾರ್ಮ್ ಪೂರ್ತಿ ಕೆಳಗಿಳಿಯುವುದಕ್ಕೂ ಸಮಯ ಬೇಕು.

ಇನ್ನೊಂದು ಮಾತನ್ನು ನಮ್ಮ ಸೈಟುಗಳಲ್ಲಿ ಒತ್ತಿ ಹೇಳಲೇಬೇಕು. ಕೆಲವು ಯಂತ್ರಗಳ ಫಲಕದಲ್ಲಿ ಗಾಳಿಯ ಮಿತಿ ಸೊನ್ನೆ ಎಂದೇ ಇರುತ್ತದೆ: ಒಳಾಂಗಣಕ್ಕೆ ಮಾತ್ರ. ಕೆಲವು ಯಂತ್ರಗಳಿಗೆ ಒಳಗೆ ಇಬ್ಬರು, ಹೊರಗೆ ಒಬ್ಬರೇ ಎಂಬ ಲೆಕ್ಕವಿರುತ್ತದೆ. ಆದರೆ ಸೂರು ಹಾಕಿ ಗೋಡೆಯ ಶೀಟು ಇನ್ನೂ ಹಾಕದ ಶೆಡ್ಡು ಒಳಾಂಗಣವೇ? ಮೇಲೆ ತಗಡಿದ್ದರೂ ನಾಲ್ಕು ಕಡೆ ಬಯಲು. ಗಾಳಿ ಅಲ್ಲಿ ಕೆಲವೊಮ್ಮೆ ಹೊರಗಿಗಿಂತ ಜೋರಾಗಿ ನುಗ್ಗುತ್ತದೆ. ಎದುರುಬದುರು ದೊಡ್ಡ ಶಟರ್ ತೆರೆದಿಟ್ಟ ಗೋದಾಮಿನದೂ ಇದೇ ಕತೆ. ಅಂಥ ಕಡೆ ಇಬ್ಬರು ಜಿಪ್ಸಮ್ ಬೋರ್ಡನ್ನೋ ಡಕ್ಟಿನ ಶೀಟನ್ನೋ ಎತ್ತಿ ಹಿಡಿದರೆ ಹಡಗಿಗೆ ಹಾಯಿ ಕಟ್ಟಿದಂತೆ. ಯಾವ ಜಾಗವನ್ನು ‘ಒಳಗೆ’ ಎನ್ನಬೇಕು ಎಂಬುದನ್ನು ಸೇಫ್ಟಿ ಆಫೀಸರು ಬೆಳಗ್ಗೆಯೇ ಹೇಳಿಬಿಡಬೇಕು, ಮೇಲೇರಿದ ಪೇಂಟರನಿಗೆ ಬಿಡಬಾರದು.

ನೆಲದ ವಿಷಯವೂ ಅಷ್ಟೇ ನಿರ್ದಯವಾದದ್ದು. ಸಣ್ಣ ಮಾದರಿಗಳಲ್ಲಿ ಅಡ್ಡಲಾಗಿ ಒಂದೂವರೆ ಡಿಗ್ರಿ, ಉದ್ದಕ್ಕೆ ಮೂರು ಡಿಗ್ರಿಗಿಂತ ಹೆಚ್ಚು ವಾಲಿದರೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ. ಒಂದೂವರೆ ಡಿಗ್ರಿ ಎಂದರೆ 30 ಅಂಗುಲ ಅಗಲದ ಯಂತ್ರಕ್ಕೆ ಎಡ–ಬಲ ಚಕ್ರಗಳ ನಡುವೆ ಬರೀ ಎರಡು ಸೆಂಟಿಮೀಟರ್ ಏರುಪೇರು. ಬಿದ್ದಿರುವ ಒಂದು ರೀಪಿನ ತುಂಡು, ಒಡೆದ ಟೈಲ್ಸಿನ ಎರಡು ಚೂರು ಸಾಕು. ಏರಿಸಿದ ಸ್ಥಿತಿಯಲ್ಲೂ ಯಂತ್ರವನ್ನು ನಿಧಾನವಾಗಿ, ಗಂಟೆಗೆ ಒಂದು ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ಓಡಿಸಬಹುದು. ಕೆಲಸಗಾರನಿಗೆ ಇಳಿದು ಹತ್ತುವ ತಾಪತ್ರಯ ತಪ್ಪುತ್ತದೆ. ಆದರೆ ಅವನ ಕಣ್ಣು ಸೂರಿನ ಕಡೆ, ಚಕ್ರ ನೆಲದ ಕಡೆ. ಅದಕ್ಕಾಗಿಯೇ ಪ್ಲಾಟ್‌ಫಾರ್ಮ್ ಏರಿದ ಕೂಡಲೇ ತಳದ ಎರಡೂ ಬದಿಯಲ್ಲಿ ಉಕ್ಕಿನ ಪಟ್ಟಿಗಳು ಕೆಳಗಿಳಿಯುತ್ತವೆ. ಚಕ್ರ ಗುಂಡಿಗೆ ಬಿದ್ದರೂ ತಳ ಪಟ್ಟಿಯ ಮೇಲೆ ನಿಲ್ಲಲಿ ಎಂಬ ಉಪಾಯ. ಪಟ್ಟಿಗೆ ಸಿಮೆಂಟು, ಮಣ್ಣು ಮೆತ್ತಿಕೊಂಡು ಪೂರ್ತಿ ಇಳಿಯದಿದ್ದರೆ ಉಪಾಯ ಕೆಟ್ಟಿತು.

ನಮ್ಮ ಕಟ್ಟಡಗಳಲ್ಲಿ ನೆಲವೆಂದು ಕಾಣುವುದೆಲ್ಲ ನೆಲವಲ್ಲ. ಸಂಪಿನ ಮುಚ್ಚಳ ಇರುತ್ತದೆ, ಕೇಬಲ್ ಚಾನೆಲ್ಲಿಗೆ ಹಾಸಿದ ಪ್ಲೈವುಡ್ ಇರುತ್ತದೆ, ಮೊನ್ನೆ ಮೊನ್ನೆ ಮಣ್ಣು ತುಂಬಿ ಮುಚ್ಚಿದ ಟ್ರೆಂಚ್ ಇರುತ್ತದೆ. ಟನ್ನಿಗೂ ಮೀರಿದ ಭಾರ ನಾಲ್ಕು ಸಣ್ಣ ಚಕ್ರಗಳ ಮೂಲಕ ಅಂಗೈಯಷ್ಟು ಜಾಗದ ಮೇಲೆ ಕೂರುತ್ತದೆ ಎಂಬುದನ್ನು ಪ್ಲಂಬರನೋ ಎಲೆಕ್ಟ್ರಿಷಿಯನ್ನೋ ಲೆಕ್ಕ ಹಾಕಲಾರ. ಎಲ್ಲೆಲ್ಲಿ ಸಂಪಿದೆ, ಯಾವ ಸ್ಲ್ಯಾಬ್ ಎಷ್ಟು ತಡೆಯುತ್ತದೆ ಎಂಬುದು ಗೊತ್ತಿರುವುದು ಸಿವಿಲ್ ಎಂಜಿನಿಯರಿಗೆ. ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆದು ‘ಇಲ್ಲಿಗೆ ಬರಬೇಡಿ’ ಎಂದು ಗುರುತು ಹಾಕಲು ಅವರಿಗೆ ಅರ್ಧ ದಿನ ಸಾಕು.

ಕರೆಂಟಿನ ಬಗ್ಗೆ ಬಹಳ ಹೇಳಬೇಕಾಗಿಲ್ಲ, ಆದರೆ ಹೇಳದೆ ಬಿಡುವಂತೆಯೂ ಇಲ್ಲ. ಸಿಜರ್ ಲಿಫ್ಟಿಗೆ ಇನ್ಸುಲೇಶನ್ ಇಲ್ಲ, ಅದು ಅಡಿಯಿಂದ ಮುಡಿವರೆಗೆ ಉಕ್ಕು. ಅಮೆರಿಕದಲ್ಲಿ ವಿದ್ಯುತ್ ತಂತಿಯಿಂದ ಕನಿಷ್ಠ 10 ಅಡಿ ದೂರ ಇರಬೇಕೆನ್ನುತ್ತಾರೆ. ನಮ್ಮ ಪೇಟೆಬೀದಿಗಳಲ್ಲಿ ಅಂಗಡಿಯ ಬೋರ್ಡಿಗೂ 11 ಕೆವಿ ಲೈನಿಗೂ ನಡುವೆ ಅಷ್ಟು ಜಾಗ ಎಷ್ಟೋ ಕಡೆ ಇಲ್ಲ. ಅಂಥಲ್ಲಿ ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟು ನಿಲ್ಲಿಸಿದ ಅನುಮತಿ, ತೆಗೆದುಕೊಳ್ಳದೆ ಯಂತ್ರವನ್ನು ಎತ್ತುವ ಮಾತೇ ಇರಬಾರದು. ಲೈನ್ ಕ್ಲಿಯರಿಗೆ ಅರ್ಜಿ ಹಾಕುವುದು ಬೋರ್ಡು ಕಟ್ಟುವ ಹುಡುಗನ ಕೆಲಸವಲ್ಲ.

ಜಜ್ಜಿಹೋಗುವ ಅಪಾಯ ಸ್ವಲ್ಪ ಬೇರೆ ತರಹದ್ದು, ಕಡಿಮೆ ಚರ್ಚೆಯಾಗಿರುವುದು. ಕೆಲಸಗಾರ ತೊಲೆಗಳ ನಡುವೆ ತಲೆ ತೂರಿಸಿ ಯಂತ್ರವನ್ನು ಏರಿಸುತ್ತಾನೆ, ಇಲ್ಲವೇ ಹಿಂದಕ್ಕೆ ಓಡಿಸುತ್ತ ಬೆನ್ನ ಹಿಂದಿನ ಪೈಪನ್ನು ಗಮನಿಸುವುದಿಲ್ಲ. ಕಂಟ್ರೋಲಿನ ಗುಂಡಿಯನ್ನು ಒತ್ತಿ ಹಿಡಿದರಷ್ಟೇ ಯಂತ್ರ ಚಲಿಸುವಂತೆ ಮಾಡಿರುವುದು ಕೈ ಬಿಟ್ಟರೆ ನಿಲ್ಲಲಿ ಎಂದು. ಆದರೆ ತೊಲೆ ಅವನ ಎದೆಯನ್ನೇ ಕಂಟ್ರೋಲ್ ಬಾಕ್ಸಿನ ಮೇಲೆ ಒತ್ತಿದರೆ, ಅವನ ದೇಹವೇ ಗುಂಡಿಯನ್ನು ಒತ್ತಿ ಹಿಡಿಯುತ್ತದೆ. ಉಸಿರು ಕಟ್ಟಿದವನಿಗೆ ಕೂಗಲೂ ಆಗುವುದಿಲ್ಲ. ಕೆಳಗಿರುವವನು ಮೇಲೆ ನೋಡುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ಕೆಳಗೆ ನಿಂತ ಹೆಲ್ಪರಿನ ಮಾತು ಬರುತ್ತದೆ. ಯಂತ್ರದ ತಳದಲ್ಲೂ ಒಂದು ಕಂಟ್ರೋಲ್ ಇರುತ್ತದೆ. ಕೀಲಿಯನ್ನು ಅದರ ಕಡೆ ತಿರುಗಿಸಿದರೆ ಮೇಲಿನ ಕಂಟ್ರೋಲ್ ಸತ್ತು ಕೆಳಗಿನದು ಜೀವಂತವಾಗುತ್ತದೆ. ಬ್ಯಾಟರಿ ಸತ್ತರೂ ಇಳಿಸಲು ತುರ್ತು ವಾಲ್ವಿನ ಹಿಡಿ ಬೇರೆ ಇರುತ್ತದೆ. ಅಮೆರಿಕದಲ್ಲಿ 2020ರ ಜೂನ್‌ನಿಂದ ಇಂಥ ಯಂತ್ರಗಳಿಗೆ ಜಾರಿಗೆ ಬಂದ ಹೊಸ ಎ92 ಮಾನದಂಡಗಳು, ಮೇಲಿರುವವನನ್ನು ಕೆಳಗಿಳಿಸುವುದು ಹೇಗೆಂದು ಕೆಲಸಕ್ಕೆ ಮುಂಚೆಯೇ ಬರೆದಿಟ್ಟ ಯೋಜನೆಯನ್ನು ಕೇಳುತ್ತವೆ. ನಮ್ಮ ಸೈಟುಗಳಲ್ಲಿ ಹೆಲ್ಪರನಿಗೆ ಸಾಮಾನು ಕೊಡುವ, ಬ್ಯಾರಿಕೇಡ್ ಟೇಪು ಕಟ್ಟುವ ಕೆಲಸ ಹೇಳಿರುತ್ತಾರೆ. ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ, ಹಿಡಿ ಯಾವುದು ಎಂದು ತೋರಿಸಿ, ಅವನ ಕೈಯಲ್ಲೇ ಒಮ್ಮೆ ಎಳೆಸಿ ನೋಡಲು ಐದು ನಿಮಿಷ ಬೇಕು. ಇಡೀ ಸುರಕ್ಷತೆಯ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಐದು ನಿಮಿಷವನ್ನು ನಾನು ಕಾಣೆ.

ಸೇಫ್ಟಿ ಬೆಲ್ಟಿನ ಬಗ್ಗೆ ಪರಿಣತರಲ್ಲೇ ಒಮ್ಮತವಿಲ್ಲ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಅಮೆರಿಕದ ಓಶಾ ಸಿಜರ್ ಲಿಫ್ಟನ್ನು ಓಡಾಡುವ ಸಾರವೆಯೆಂದು ಪರಿಗಣಿಸುತ್ತದೆ. ಸುತ್ತ ಕಟಕಟೆ ಸರಿಯಾಗಿದ್ದರೆ ಬೆಲ್ಟು ಕಡ್ಡಾಯವಲ್ಲ. ಬೂಮ್ ಲಿಫ್ಟಿನಲ್ಲಿ ಮಾತ್ರ ಅದು ಬೇಕೇ ಬೇಕು, ಏಕೆಂದರೆ ಚಾಚಿದ ತೋಳು ಕುಪ್ಪಳಿಸಿ ಮನುಷ್ಯನನ್ನು ಹೊರಗೆಸೆಯಬಹುದು. ನಮ್ಮ ದೊಡ್ಡ ಸೈಟುಗಳಲ್ಲಿ ಎತ್ತರದ ಕೆಲಸವೆಂದರೆ ಎರಡು ಕೊಕ್ಕೆಯ ಬೆಲ್ಟು ಕಡ್ಡಾಯ, ಯಂತ್ರ ಯಾವುದೆಂದು ಕೇಳುವುದಿಲ್ಲ. ಬಿದ್ದವನ ಜಗ್ಗುವಿಕೆಗೆ ಯಂತ್ರವೇ ಉರುಳೀತು ಎಂಬ ಭಯ ಬಹಳ ಕಾಲ ಇತ್ತು. ನಿಯಾಶ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಪೂರ್ತಿ ಏರಿಸಿದ ಸಿಜರ್ ಲಿಫ್ಟಿನಿಂದ ಮನುಷ್ಯನ ತೂಕದ ಗೊಂಬೆಯನ್ನು ಬೀಳಿಸಿ ಪರೀಕ್ಷಿಸಿತು, ಯಂತ್ರ ಉರುಳಲಿಲ್ಲ. ಅದು ಸಮಾಧಾನದ ಸುದ್ದಿಯೇ. ಆದರೆ ಅದು ಅಲ್ಲಿ ಪರೀಕ್ಷಿಸಿದ ಯಂತ್ರದ ಮಾತು, ಹಲವು ಕೈ ದಾಟಿ ಬಂದ ಎಲ್ಲ ಯಂತ್ರಗಳಿಗೂ ಕೊಟ್ಟ ಅಭಯವಲ್ಲ.

ನನಗಿರುವ ಆತಂಕ ಬೇರೆ. ‘ಬೆಲ್ಟು ಹಾಕು’ ಎಂದು ಹೇಳಿ ‘ಎಲ್ಲಿಗೆ ಹಾಕು’ ಎಂದು ಹೇಳದಿದ್ದರೆ, ಕೆಲಸಗಾರ ತಲೆಯ ಮೇಲೆ ಗಟ್ಟಿಯಾಗಿ ಕಾಣುವ ಕಟ್ಟಡದ ತೊಲೆಗೇ ಕೊಕ್ಕೆ ಹಾಕುತ್ತಾನೆ. ಆಮೇಲೆ ಪ್ಲಾಟ್‌ಫಾರ್ಮ್ ಇಳಿದರೆ ಅಥವಾ ಸರಿದರೆ ಅವನು ನೇತಾಡುತ್ತಾನೆ. ಬೆಲ್ಟು ಹಾಕುವುದಾದರೆ ಯಂತ್ರದಲ್ಲೇ ಗುರುತು ಮಾಡಿದ ಕೊಂಡಿಗೆ ಹಾಕಬೇಕು, ಬೆಲ್ಟಿನ ಹಗ್ಗ ಗಿಡ್ಡವಾಗಿದ್ದು ಅವನು ಕಟಕಟೆ ದಾಟಿ ಹೊರಬೀಳಲೇ ಆಗದಂತಿರಬೇಕು. ಬಿದ್ದ ಮೇಲೆ ಹಿಡಿಯುವ ಉದ್ದ ಹಗ್ಗಕ್ಕೆ ಆರು ಮೀಟರ್ ಎತ್ತರದಲ್ಲಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವೇ ಸಾಲದಿರಬಹುದು. ಇನ್ನು ಜನ ನಿಜಕ್ಕೂ ಬೀಳುವುದು ಹೇಗೆಂದರೆ, ಎಟುಕದ ಒಂದು ಅಡಿಗಾಗಿ ಕಟಕಟೆಯ ನಡುಪಟ್ಟಿಯ ಮೇಲೆ ಕಾಲಿಟ್ಟು, ಬಕೆಟ್ಟು ಬೋರಲು ಹಾಕಿ ನಿಂತು, ಸರಪಳಿ ಬಿಚ್ಚಿ ಮೇಲಿನ ಸ್ಟೀಲಿಗೆ ದಾಟಿ. ಆ ಒಂದು ಅಡಿ ಯಾಕೆ ಎಟುಕಲಿಲ್ಲ? ಸೂರಿನ ಎತ್ತರಕ್ಕೆ ಸಾಲದ ಯಂತ್ರವನ್ನು, ಬಾಡಿಗೆ ಕಡಿಮೆಯೆಂದು, ಯಾರೋ ತರಿಸಿದ್ದರು.

ರಿಪೇರಿಯವರ ಸಾವು ಬೇರೆಯದೇ ಸಾಲು. ಏರಿಸಿದ ತೋಳುಗಳ ನಡುವೆ ಕೈ ಹಾಕುವ ಮುನ್ನ ಯಂತ್ರದಲ್ಲೇ ಇರುವ ಆಸರೆ ಕಂಬಿಯನ್ನು ಸಿಕ್ಕಿಸಬೇಕು. ಸಿಕ್ಕಿಸದೆ ವಾಲ್ವು ಸಡಿಲಿಸಿದರೆ ಇಡೀ ಕತ್ತರಿ ಅವನ ಮೇಲೆ ಮುಚ್ಚಿಕೊಳ್ಳುತ್ತದೆ.

ಕಾನೂನು ಏನು ಹೇಳುತ್ತದೆ? ಬ್ರಿಟನ್ನಿನಲ್ಲಿ 1998ರ ನಿಯಮಗಳ ಪ್ರಕಾರ ಮನುಷ್ಯರನ್ನು ಎತ್ತುವ ಯಂತ್ರವನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಕೂಲಂಕಷವಾಗಿ ತಪಾಸಣೆ ಮಾಡಬೇಕು. 2005ರಲ್ಲಿ ಎತ್ತರದ ಕೆಲಸಕ್ಕೇ ಪ್ರತ್ಯೇಕ ನಿಯಮ ಬಂತು. ಆ ನಿಯಮದ ಮೊದಲ ಮಾತೇ, ಸಾಧ್ಯವಿದ್ದರೆ ಎತ್ತರಕ್ಕೆ ಏರುವುದನ್ನೇ ತಪ್ಪಿಸಿ ಎಂಬುದು. ನಮ್ಮಲ್ಲಿ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಎತ್ತುವ ಯಂತ್ರಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಕೇಳುತ್ತಿತ್ತು. ಆದರೆ ಅದರ ಪಟ್ಟಿಯಲ್ಲಿ ಕ್ರೇನು, ವಿಂಚು, ಪುಲ್ಲಿ ಬ್ಲಾಕ್ ಇದ್ದವು, ಸಿಜರ್ ಲಿಫ್ಟ್ ಇರಲಿಲ್ಲ. 28ನೇ ಸೆಕ್ಷನ್ನಿನ ಲಿಫ್ಟಿಗೆ ಆರು ತಿಂಗಳ ಪರೀಕ್ಷೆಯಿತ್ತು. ಆದರೆ ಅಲ್ಲಿ ಲಿಫ್ಟೆಂದರೆ ಗೈಡಿನ ನಡುವೆ ಓಡಾಡುವ ಪ್ಲಾಟ್‌ಫಾರ್ಮ್ ಅಥವಾ ಕೋಣೆ. ಸಿಜರ್ ಲಿಫ್ಟ್ ಎರಡರ ಸಂದಿಯಲ್ಲಿ ಬೀಳುತ್ತಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಕರ್ನಾಟಕದ 2006ರ ನಿಯಮಗಳು, 13 ಕಾಯ್ದೆಗಳನ್ನು ಒಂದುಗೂಡಿಸಿ 2020ರಲ್ಲಿ ಸಂಸತ್ತು ಒಪ್ಪಿ 2025ರಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ, ಎಲ್ಲವೂ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುವಂಥವೇ. ಒಳ್ಳೆಯ ಕಂಪನಿಗಳು ತಾವಾಗಿಯೇ ಥರ್ಡ್ ಪಾರ್ಟಿ ಸರ್ಟಿಫಿಕೇಟ್ ಇಲ್ಲದ ಯಂತ್ರವನ್ನು ಗೇಟಿನೊಳಗೆ ಬಿಡುವುದಿಲ್ಲ. ಸಣ್ಣ ಸೈಟಿನಲ್ಲಿ ಆ ಸರ್ಟಿಫಿಕೇಟನ್ನು ಕೇಳುವವರೇ ಇಲ್ಲ.

ತರಬೇತಿಯದು ಇನ್ನೂ ದುರ್ಬಲ ಜಾಗ. 1983ರಲ್ಲಿ ಹುಟ್ಟಿದ ಐಪಾಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ತರಬೇತಿ ಕೊಟ್ಟು ಐದು ವರ್ಷ ಚಾಲ್ತಿಯಿರುವ ಕಾರ್ಡು ನೀಡುತ್ತದೆ. ಬ್ರಿಟನ್ನಿನಲ್ಲೂ ಅದು ಸರ್ಕಾರಿ ಲೈಸೆನ್ಸಲ್ಲ; ಆದರೂ ದೊಡ್ಡ ಸೈಟುಗಳು ಅದನ್ನು ಕೇಳುತ್ತವೆ. ನಮ್ಮಲ್ಲಿ ಲಾರಿ ಓಡಿಸಲು ಲೈಸೆನ್ಸ್ ಬೇಕು, ಮನುಷ್ಯರನ್ನು ಹತ್ತು ಮೀಟರ್ ಎತ್ತಲು ಬೇಡ. ಬಾಡಿಗೆಯವನು ಯಂತ್ರ ಇಳಿಸುವಾಗ ಜಾಯ್‌ಸ್ಟಿಕ್ ಹೇಗೆಂದು ತೋರಿಸುತ್ತಾನೆ, ಒಬ್ಬ ಕಲಿತವನು ಇನ್ನೊಬ್ಬನಿಗೆ ತೋರಿಸುತ್ತಾನೆ. ಫಲಕಗಳೆಲ್ಲ ಇಂಗ್ಲಿಷಿನಲ್ಲಿ, ಹತ್ತುವವರು ಯಾದಗಿರಿಯವರು, ಒಡಿಶಾದವರು, ಬಿಹಾರದವರು. ಮೂರು ಸಂಖ್ಯೆಗಳನ್ನು, ಎಷ್ಟು ಕಿಲೋ, ಎಷ್ಟು ಜನ, ಎಷ್ಟು ಗಾಳಿ ಎಂಬುದನ್ನು, ಅವರವರ ಭಾಷೆಯಲ್ಲಿ ದೊಡ್ಡದಾಗಿ ಬರೆದು ಪ್ಲಾಟ್‌ಫಾರ್ಮಿನ ಬಾಗಿಲಿಗೆ ಅಂಟಿಸಲು ಯಾವ ಕಾಯ್ದೆಗಾಗಿ ಕಾಯಬೇಕು? ತರಬೇತಿ ಪಡೆದವನ ಹೆಸರಿಗೆ ಕೀಲಿ ಕೊಟ್ಟು ಸಂಜೆ ವಾಪಸು ಪಡೆಯುವ ಒಂದು ರಿಜಿಸ್ಟರು ಇಟ್ಟರೂ ಅರ್ಧ ಕೆಲಸ ಆದೀತು. ವಾಲಿದಾಗ ಕೂಗುವ ಅಲಾರಂ ಕಿರಿಕಿರಿಯೆಂದು ಅದರ ವೈರ್ ಕಿತ್ತವನನ್ನು ಆಗ ಹುಡುಕಲೂ ಬಹುದು.

ಇದೆಲ್ಲದರ ಹಿಂದೆ ಗುತ್ತಿಗೆಯ ಸರಪಳಿ ಇದೆ. ಕಟ್ಟಡ ಒಬ್ಬರದು, ಮುಖ್ಯ ಕಂಟ್ರಾಕ್ಟು ಇನ್ನೊಬ್ಬರದು, ಪೈಪಿನ ಕೆಲಸ ಮೂರನೆಯವರದು, ಕೂಲಿಯಾಳು ನಾಲ್ಕನೆಯವರು ತಂದವರು, ಯಂತ್ರ ಐದನೆಯವರದು. ಬಾಡಿಗೆ ದಿನದ ಲೆಕ್ಕ, ಕೂಲಿ ಮೀಟರಿನ ಲೆಕ್ಕ. ಗಾಳಿ ಎದ್ದಾಗ ಯಂತ್ರ ನಿಂತರೆ ಬಾಡಿಗೆ ನಿಲ್ಲುವುದಿಲ್ಲ, ಕೂಲಿ ನಿಲ್ಲುತ್ತದೆ. ಹೀಗಿರುವಾಗ ‘ಗಾಳಿ ಜಾಸ್ತಿ, ಇಳೀತೀನಿ’ ಎಂದು ಮೇಲಿರುವವನು ತಾನಾಗಿ ಹೇಳಬೇಕೆಂದು ಬಯಸುವುದು ಅನ್ಯಾಯ. ಅವನ ಅಂದಿನ ಕೂಲಿಯನ್ನು ಅವನ ಜೀವದ ಎದುರು ತೂಗಲು ಅವನಿಗೇ ಬಿಟ್ಟಂತೆ. ಕೆಲಸದ ಆರ್ಡರಿನಲ್ಲಿ ಯಂತ್ರದ ಬಾಡಿಗೆಗೆ ಒಂದು ಸಾಲು ಇರುತ್ತದೆ, ಡೀಸೆಲ್ಲಿಗೆ ಒಂದು ಸಾಲು ಇರುತ್ತದೆ. ಸೈಟಿನಲ್ಲಿ ಗಾಳಿ ಅಳೆಯುವ ಉಪಕರಣ ಯಾರ ಕೈಯಲ್ಲಿರುತ್ತದೆ, ಯಂತ್ರ ಇಳಿಸಲು ಹೇಳುವ ಅಧಿಕಾರ ಯಾರದು, ಹಾಗೆ ನಿಂತ ಗಂಟೆಗಳ ಕೂಲಿ ಯಾರು ಕೊಡುತ್ತಾರೆ ಎಂಬ ಮೂರು ಸಾಲುಗಳೂ ಅದರಲ್ಲಿ ಇರಬೇಕು. ಇದನ್ನು ಬರೆಯಲು ಹೊಸ ಕಾನೂನು ಬೇಡ. ಸಹಿ ಹಾಕುವ ಮೊದಲು ಮಾಲೀಕನೇ ಸೇರಿಸಬಹುದು, ಮುಂದಿನ ಆರ್ಡರಿನಿಂದಲೇ.